ಅಟ್ಟದಲ್ಲಿ ಸಿಕ್ಕ ಹಿತ್ತಾಳೆ ಸೀಟಿ, ಯಾವುದರದ್ದು ಇದು? ಕೂಗ್ಸೋದು ಹೇಗೆ?

ಅಟ್ಟದ ಇಲಿ:
ಎಲ್ರಿಗೂ ನಮಸ್ಕಾರ. ನಮ್ದು ಕೊಡಗಿನ ಅಮ್ಮತ್ತಿ ಕಡೆ. ಮಳೆ ಹಿಡಿಯೋ ಮುಂಚೆ ಹಂಚು ಸರಿ ಮಾಡ್ಸಣ ಅಂತ ಅಟ್ಟ ಖಾಲಿ ಮಾಡ್ತಿದ್ವಿ, ಹಳೇ ಗೋಣಿಚೀಲದ ರಾಶಿ ಅಡಿ ಒಂದು ಹಿತ್ತಾಳೆ ಸಾಮಾನು ಸಿಕ್ತು. ನೋಡಕ್ಕೆ ಗಂಟೆ ಥರ, ಆದ್ರೆ ಒಳಗೆ ನಾಲಿಗೆ ಇಲ್ಲ. ಆರು ಇಂಚು ಉದ್ದದ ಕೊಳವೆ, ಮೇಲ್ಗಡೆ ಮುಚ್ಚಿದೆ, ಕೆಳಗಡೆ ಬಾಯಿ ತೆರೆದಿದೆ. ಅದರ ಕೆಳಗೊಂದು ಬಟ್ಟಲು, ಬಟ್ಟಲ ಅಂಚು ಸುತ್ತ ಉಗುರು ಕೂಡ ತೂರದಷ್ಟು ಸಣ್ಣ ಸೀಳು. ಅಡಿಯಲ್ಲಿ ಥ್ರೆಡ್ ಇರೋ ಪೈಪು, ಪಕ್ಕದಲ್ಲೊಂದು ಹಿಡಿ, ಎಳೆದ್ರೆ ಒಳಗೆ ಏನೋ ಕದಲತ್ತೆ. ಎರಡು ಕೆಜಿ ಮೇಲೇ ಇರ್ಬೋದು. ಅಜ್ಜ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ರು, ತೀರಿಹೋಗಿ ಇಪ್ಪತ್ತು ವರ್ಷ ಆಯ್ತು, ಅಜ್ಜಿನ ಕೇಳಿದ್ರೆ "ಅದು ಕೂಗೋದು, ಇಟ್ಟಲ್ಲೇ ಇಡು" ಅಂತಾರೆ, ಅದಕ್ಕಿಂತ ಹೆಚ್ಚು ಬಾಯಿ ಬಿಡಲ್ಲ. ಗುಜರಿಯವ್ನು ತೂಕದ ಲೆಕ್ಕಕ್ಕೆ ಕೇಳ್ತಿದಾನೆ. ರೈಲಿಂದಾ ಇದು?

ಸೋಮವಾರಪೇಟೆ ಹುಡ್ಗ:
ರೈಲಾ? ಕೊಡಗಲ್ಲಾ? ಅಣ್ಣ ಬೆಳಿಗ್ಗೆ ಬೆಳಿಗ್ಗೆ ನಗಿಸ್ಬೇಡಿ. ಇಡೀ ಜಿಲ್ಲೆಗೆ ಒಂದು ಇಂಚು ರೈಲು ಹಳಿ ಇಲ್ಲ, ಕುಶಾಲನಗರಕ್ಕೆ ರೈಲು ಬರತ್ತೆ ಬರತ್ತೆ ಅಂತ ಕೇಳ್ತಾ ಕೇಳ್ತಾ ನಮ್ಮಪ್ಪಂಗೆ ಮೊಮ್ಮಕ್ಕಳಾದ್ರು. ಮಡಿಕೇರಿ ರಾಜಾಸೀಟ್ ಪಕ್ಕದ ಪುಟಾಣಿ ರೈಲಿಂದು ಅಂದ್ರೆ ಅದು ಉಗಿಬಂಡಿ ಅಲ್ಲ.

ಗದ್ದೆ ಬದಿ:
ಹಳಿ ಇಲ್ಲ ಅನ್ಬೇಡ ತಮ್ಮ, ನಮ್ ಪ್ರೈಮರಿ ಸ್ಕೂಲಲ್ಲಿ ಒಂದೂವರೆ ಅಡಿ ಇತ್ತು, ಮಾವಿನ ಮರಕ್ಕೆ ತಂತಿ ಕಟ್ಟಿ ನೇತಾಕಿದ್ರು, ಅದೇ ನಮ್ ಬೆಲ್ಲು 😄

ನಿವೃತ್ತ ಫಿಟ್ಟರ್:
ಫೋಟೋ ನೋಡಿದೆ. ಗುಜರಿಗೆ ಮಾತ್ರ ಕೊಡಬೇಡಿ ದಯವಿಟ್ಟು. ಇದು ಸ್ಟೀಮ್ ವಿಶಲ್, ಅದ್ರಲ್ಲಿ ಅನುಮಾನ ಬೇಡ. ನಾನು ಮಂಡ್ಯ ಕಡೆ ಒಂದು ಸಕ್ಕರೆ ಕಾರ್ಖಾನೆ ಬಾಯ್ಲರ್ ಮನೆಯಲ್ಲಿ ಮೂವತ್ತು ವರ್ಷ ಇದ್ದೋನು, ಕಬ್ಬಿನ ಸಿಪ್ಪೆ ಸುಟ್ಟು ಹಬೆ ಮಾಡೋದು, ಅದೇ ಹಬೆಯಲ್ಲಿ ಗಾಣನೂ ತಿರುಗ್ಬೇಕು ರಸನೂ ಕುದೀಬೇಕು ಕರೆಂಟೂ ಆಗ್ಬೇಕು, ಕೊನೆಗೆ ಉಳಿದ ಚೂರು ಶಿಫ್ಟ್ ಬದಲಾಗುವಾಗ ಕೂಗಕ್ಕೆ. ನಿಮ್ ಫೋಟೋದಲ್ಲಿ ಗಂಟೆ ಥರ ಕಾಣೋದನ್ನ ನಾವೂ ಬೆಲ್ ಅಂತಾನೇ ಕರೀತಿದ್ವಿ ಆದ್ರೆ ಅದು ಗಂಟೆ ಹಾಗೆ ಅದುರಿ ಸದ್ದು ಮಾಡಲ್ಲ. ಹಿಡಿ ಎಳೆದ್ರೆ ವಾಲ್ವ್ ತೆರೆಯತ್ತೆ, ಹಬೆ ಬಟ್ಟಲಿಗೆ ಬಂದು ಆ ಸಣ್ಣ ಸೀಳಿಂದ ತೆಳ್ಳಗೆ ಹಾಳೆ ಥರ ಮೇಲಕ್ಕೆ ಚಿಮ್ಮತ್ತೆ, ಬೆಲ್ಲಿನ ಚೂಪು ಅಂಚಿಗೆ ಬಡಿಯತ್ತೆ, ಒಂದ್ಸಲ ಅಂಚಿನ ಒಳಗೆ ಒಂದ್ಸಲ ಹೊರಗೆ ಅಂತ ಓಲಾಡತ್ತೆ, ಆಗ ಬೆಲ್ಲಿನ ಒಳಗಿರೋದು ಮೊಳಗತ್ತೆ. ಕೊಳಲಿನ ಕೆಲಸಾನೇ, ಊದೋ ಬಾಯಿ ಬಾಯ್ಲರಿಂದು ಅಷ್ಟೆ. ಬೆಲ್ ಉದ್ದ ಇದ್ರೆ ದಪ್ಪ ಸ್ವರ, ಗಿಡ್ಡ ಇದ್ರೆ ಸಣ್ಣ ಸ್ವರ.

ರೈಲೇ ಬೇಕು ಅಂತಿಲ್ಲ. ಹಬೆ ಸೀಟಿ ಮೊದಲು ಶುರುವಾಗಿದ್ದೇ ಕಾರ್ಖಾನೆಯಲ್ಲಿ ಅಂತಾರೆ, 1830ರ ದಶಕದಲ್ಲಿ ವೇಲ್ಸ್ ದೇಶದ ಡೌಲೈಸ್ ಕಬ್ಬಿಣದ ಕಾರ್ಖಾನೆಯ ಏಡ್ರಿಯನ್ ಸ್ಟೀಫನ್ಸ್ ಅನ್ನೋರು ಬಾಯ್ಲರ್ ಅಪಾಯಕ್ಕೆ ಬಂದ್ರೆ ಅದೇ ಕೂಗಿ ಹೇಳ್ಲಿ ಅಂತ ಮಾಡಿದ್ದು. ನಿಮ್ದು ರೋಡ್ ರೋಲರಿಂದು ಇರ್ಬೋದು, ಇಲ್ಲಾ ಸಾಮಿಲ್ ಎಂಜಿನ್ನಿಂದು. ಇಂಗ್ಲೆಂಡಿನ ಗೇನ್ಸ್‌ಬರೋ ಊರಿನ ಮಾರ್ಷಲ್ ಕಂಪನಿಯವ್ರು ಗಾಲಿ ಇರೋ ಸ್ಟೀಮ್ ಎಂಜಿನ್ ಮಾಡ್ತಿದ್ರು, ಎತ್ತು ಕಟ್ಟಿ ಎಲ್ಲಿ ಬೇಕಾದ್ರೂ ಎಳ್ಕೊಂಡೋಗ್ಬೋದು, ಮರ ಕುಯ್ದ ತೊಗಟೆ ಚಕ್ಕೆನೇ ಅದಕ್ಕೆ ಸೌದೆ.

ಸೋಮವಾರಪೇಟೆ ಹುಡ್ಗ:
ಸೂಪರ್ ಸರ್. ಐಡಿಯಾ, ಹತ್ತು ಲೀಟರ್ ಕುಕ್ಕರ್ ವೆಯ್ಟ್ ತೆಗೆದು ಆ ಜಾಗಕ್ಕೆ ಈ ಸೀಟಿ ಕೂರ್ಸಿದ್ರೆ? ಪುತ್ತರಿ ಹಬ್ಬಕ್ಕೆ ಪಟಾಕಿ ಬೇಕಾಗಲ್ಲ

ನಿವೃತ್ತ ಫಿಟ್ಟರ್:
ತಮಾಷೆಗೂ ಬೇಡ ಮಗ. ಕುಕ್ಕರ್ ಮೇಲೆ ಆ ವೆಯ್ಟ್ ಕೂತಿರೋದೇ ಒತ್ತಡ ಇಷ್ಟಕ್ಕಿಂತ ಮೇಲೆ ಹೋಗ್ಬಾರ್ದು ಅಂತ. ಅದನ್ನ ತೆಗೆದು ಕೈಯಲ್ಲಿ ಎಳೆಯೋ ವಾಲ್ವ್ ಹಾಕಿದ್ರೆ ಕುಕ್ಕರ್ ಹೋಗಿ ಬಾಂಬ್ ಆಯ್ತು. ನೀರು ಹಬೆ ಆದ್ರೆ ಮಾಮೂಲಿ ಗಾಳಿ ಒತ್ತಡದಲ್ಲಿ 1,600 ಪಟ್ಟು ಜಾಗ ಬೇಕು ಅದಕ್ಕೆ, ಒಂದು ಲೋಟ ನೀರು ಅಂದ್ರೆ ಒಂದು ದೊಡ್ಡ ಡ್ರಮ್ಮಿಗಿಂತ ಜಾಸ್ತಿ ಹಬೆ. ಸುಮ್ನೆ ಅಲ್ಲ 1923ರಲ್ಲೇ ಬಾಯ್ಲರಿಗೆ ಅಂತ ಕಾನೂನು ಮಾಡಿದ್ದು, ಈಗ 2025ರಲ್ಲಿ ಅದರ ಬದಲು ಹೊಸದು ಬಂದಿದೆ. ನಾವೆಲ್ಲ ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಂಡೇ ಬಾಯ್ಲರ್ ಮುಂದೆ ನಿಂತಿದ್ದು.

ಕಾಫಿಹೂವು:
ಸರ್ ಹೇಳಿದ್ದು ನೂರಕ್ಕೆ ನೂರು. ವೆಯ್ಟ್ ಇದ್ದೂ ನಮ್ಮನೇಲಿ ಆಗಿದೆ. ಹೋದ್ವರ್ಷ ಕಡಲೆಕಾಳು ಬೇಯಕ್ಕಿಟ್ಟಿದ್ದೆ, ಕೂಗೇ ಬರ್ಲಿಲ್ಲ, ಬರ್ಲಿಲ್ಲ ಅಂತ ಉರಿ ಜೋರು ಮಾಡ್ದೆ, ನನ್ ಬುದ್ಧಿಗೆ ಏನು ಹೇಳ್ಲಿ. ವೆಯ್ಟ್ ಕೆಳಗಿನ ನಳಿಗೆಗೆ ಕಾಳಿನ ಸಿಪ್ಪೆ ಅಡ್ಡ ಕೂತಿತ್ತು. ಸೇಫ್ಟಿ ವಾಲ್ವ್ ಡಬ್ ಅಂತು, ಕಡಲೆ ಎಲ್ಲ ಸೀಲಿಂಗಿಗೆ, ಫ್ಯಾನ್ ರೆಕ್ಕೆ ಮೇಲೆ ಇವತ್ತೂ ಒಂದು ಕಲೆ ಇದೆ. ಆಮೇಲಿಂದ ಪ್ರತೀ ಸಲ ಮುಚ್ಚಳ ಎತ್ತಿ ನಳಿಗೆಲಿ ಕಣ್ಣಿಟ್ಟು ಕಿಟಕಿ ಕಡೆ ನೋಡ್ತೀನಿ, ಬೆಳಕಿನ ಚುಕ್ಕೆ ದುಂಡಗೆ ಕಂಡ್ರೆ ಸರಿ, ಕಾಣ್ಲಿಲ್ಲ ಅಂದ್ರೆ ಪೊರಕೆ ಕಡ್ಡಿ ತೂರ್ಸೋದು. ಒಳ್ಳೇದಾಯ್ತು ಇಂಥ ಮಾತು ಬಂದಿದ್ದು, ನಂದೊಂದು ಹಳೇ ಡೌಟು. ಮಂಗಳೂರಲ್ಲಿ ಅಕ್ಕ ತೊಗರಿಬೇಳೆಗೆ ಮೂರು ಕೂಗು ಅಂತಾಳೆ, ಮಡಿಕೇರಿಲಿ ನನಗೆ ಐದಾದ್ರೂ ಬೇಳೆ ಕಣ್ಣು ಬಿಟ್ಕೊಂಡೇ ಇರತ್ತೆ. ನಮ್ ಕುಕ್ಕರ್ ಸರಿ ಇಲ್ವಾ?

ಫಿಸಿಕ್ಸ್ ಮಾಸ್ತರು:
ಕುಕ್ಕರ್ ಸರಿಯಾಗೇ ಇದೆ ಅಕ್ಕ, ಬೆಟ್ಟದ್ದು ಸ್ವಲ್ಪ ಪಾಲು, ಲೆಕ್ಕದ್ದು ಜಾಸ್ತಿ ಪಾಲು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ, ಗಾಳಿ ಒತ್ತಡ ಕಮ್ಮಿ, ತೆರೆದ ಪಾತ್ರೆಲಿ ನೀರು ಸುಮಾರು 96 ಡಿಗ್ರಿಗೇ ಕುದ್ದುಬಿಡತ್ತೆ. ಕುಕ್ಕರ್ ವೆಯ್ಟ್ ಹೊರಗಿನ ಒತ್ತಡದ ಮೇಲೆ ಎಲ್ಲಿದ್ರೂ ಒಂದೇ ಅಳತೆ ಸೇರ್ಸತ್ತೆ, ಹೊರಗಿಂದೇ ಕಮ್ಮಿ ಇದ್ರೆ ಒಟ್ಟೂ ಕಮ್ಮಿ. ಮಂಗಳೂರಲ್ಲಿ ಒಳಗೆ 120 ಡಿಗ್ರಿ ಆದ್ರೆ ನಿಮ್ಮಲ್ಲಿ 118 ಹತ್ರ. ಎರಡು ಡಿಗ್ರಿಗೆ ಬೇಳೆ ಅಷ್ಟೊಂದು ಹಠ ಮಾಡಲ್ಲ. ನಿಜವಾದ ತಪ್ಪು ಕೂಗು ಎಣಿಸೋದರಲ್ಲಿದೆ. ಉರಿ ಜೋರಿದ್ರೆ ನಿಮಿಷಕ್ಕೊಂದು ಕೂಗು, ಸಣ್ಣ ಇದ್ರೆ ಐದು ನಿಮಿಷಕ್ಕೊಂದು. ಬೇಳೆ ಬೇಯೋದು ಎಷ್ಟು ಹೊತ್ತು ಆ ಬಿಸಿಯಲ್ಲಿದೆ ಅನ್ನೋದ್ರ ಮೇಲೆ, ಎಷ್ಟು ಸಲ ಕೂಗ್ತು ಅನ್ನೋದ್ರ ಮೇಲಲ್ಲ. ಒಂದು ಕೂಗು ಬಂದ ತಕ್ಷಣ ಉರಿ ಸಣ್ಣ ಮಾಡಿ ಗಡಿಯಾರ ನೋಡಿ, ಹತ್ತು ನಿಮಿಷ. ಗ್ಯಾಸೂ ಉಳಿಯತ್ತೆ.

ಕಾಫಿಹೂವು:
ಗಡಿಯಾರ ನೋಡೋ ಪುರುಸೊತ್ತಿದ್ರೆ ಕೂಗು ಯಾಕೆ ಎಣಿಸ್ತಿದ್ದೆ ಸರ್! ಹಿತ್ತಿಲಲ್ಲಿ ಬಟ್ಟೆ ಒಣಗಾಕ್ತಾ ಇರ್ತೀನಿ, ಅದು ಕರೆಯತ್ತೆ, ಓಡಿ ಬರ್ತೀನಿ.

ಗದ್ದೆ ಬದಿ:
ಇದು ನಿಜ. ಡಿಸೆಂಬರ್ ಬೆಳಿಗ್ಗೆ ಮಂಜು ಕೂತಿರುವಾಗ ಗದ್ದೆ ಆಚೆ ಮೂರ್ನಾಲ್ಕು ಮನೆ ಕುಕ್ಕರ್ ಕೂಗೋದೂ ನಮ್ಮನೆಗೆ ಕೇಳತ್ತೆ. ಮಧ್ಯಾಹ್ನ ಅದೇ ಮನೆಯವ್ರು ಕಿರುಚಿದ್ರೂ ಕೇಳಲ್ಲ. ಯಾಕೆ ಮಾಸ್ತರೇ?

ಫಿಸಿಕ್ಸ್ ಮಾಸ್ತರು:
ಆ ಹೊತ್ತಲ್ಲಿ ಗದ್ದೆ ಬಯಲಲ್ಲಿ ತಣ್ಣನೆ ಗಾಳಿ ಕೆಳಗೆ, ಬೆಚ್ಚಗಿನದು ಮೇಲೆ. ಸದ್ದು ಮೇಲಕ್ಕೆ ಹೋಗ್ತಾ ಬಾಗಿ ಮತ್ತೆ ನೆಲಕ್ಕೆ ಬರತ್ತೆ. ಮಧ್ಯಾಹ್ನ ಉಲ್ಟಾ, ನೆಲ ಕಾದಿರತ್ತೆ, ಸದ್ದು ಆಕಾಶಕ್ಕೆ ಹೋಗ್ಬಿಡತ್ತೆ.

ಸಿಸ್ಟರಕ್ಕ:
ಹಬೆ ಅಂದ ತಕ್ಷಣ ನನ್ನ ಕೈ ನೆನಪಾಯ್ತು. ನಾನು ಆಸ್ಪತ್ರೆಲಿ ನರ್ಸ್ ಆಗಿ ರಿಟೈರ್ ಆದೋಳು, ಸಾಮಾನು ಹಬೆಲಿ ಶುದ್ಧ ಮಾಡೋ ಆಟೋಕ್ಲೇವ್ ಹತ್ರ ಒಂದು ದಿನಾನೂ ಕೈ ಸುಟ್ಕೊಂಡಿಲ್ಲ, ಸುಟ್ಕೊಂಡಿದ್ದು ಮನೇಲಿ ಕೈಲ್‌ಪೊಳ್ದ್ ಹಬ್ಬದ ದಿನ ಕಡಂಬುಟ್ಟು (ಅಕ್ಕಿತರಿ ಉಂಡೆ) ಪಾತ್ರೆ ಮುಚ್ಚಳ ತೆಗೆಯುವಾಗ. ನೆಂಟ್ರು ಬಂದು ಕೂತಿದ್ರು, ಹಂದಿ ಸಾರು ರೆಡಿ, ಅವಸರದಲ್ಲಿ ಮುಚ್ಚಳನ ನನ್ನ ಕಡೆಗೇ ಓರೆ ಮಾಡ್ದೆ, ಮಣಿಕಟ್ಟಿಗೆ ಬುಸ್ ಅಂತ ಬಡೀತು. ಬಿಸಿನೀರು ಬಿದ್ದಿದ್ರೂ ಅಷ್ಟು ಬೊಬ್ಬೆ ಏಳ್ತಿರ್ಲಿಲ್ಲ. ಮುಚ್ಚಳ ಯಾವಾಗ್ಲೂ ಆಚೆ ಕಡೆಗೆ ತೆರೀಬೇಕು ಅಂತ ಸೊಸೆಗೆ ಹೇಳ್ಕೊಟ್ಟೋಳೇ ನಾನು.

ಫಿಸಿಕ್ಸ್ ಮಾಸ್ತರು:
ಒಂದು ಗ್ರಾಂ ಕುದಿನೀರು ಮೈ ಬಿಸಿಗೆ ಇಳಿಯುವಾಗ 63 ಕ್ಯಾಲೊರಿ ಬಿಡತ್ತೆ. ಒಂದು ಗ್ರಾಂ ಹಬೆ ಚರ್ಮಕ್ಕೆ ತಗುಲಿ ನೀರಾಗೋದ್ರಲ್ಲೇ 540 ಬಿಟ್ಟು ಆಮೇಲೆ ಆ 63ನೂ ಬಿಡತ್ತೆ. ಹತ್ತತ್ರ ಹತ್ತು ಪಟ್ಟು. ನಿಮ್ಮ ಕೈ ಸುಟ್ಟಿದ್ದೂ ಇದೇ, ಒಳಗೆ ಕಡಂಬುಟ್ಟು ಬೆಂದಿದ್ದೂ ಇದೇ. ಇನ್ನೊಂದು, ಪಾತ್ರೆ ಮೇಲೆ ಬೆಳ್ಳಗೆ ಕಾಣೋದು ಹಬೆ ಅಲ್ಲ, ಅದು ತಣ್ಣಗಾಗಿ ಹನಿ ಆಗಿರೋದು. ಕೆಟಲ್ ಮೂತಿಗೂ ಬಿಳಿ ಮೋಡಕ್ಕೂ ನಡುವೆ ಒಂದಿಂಚು ಖಾಲಿ ಕಾಣತ್ತಲ್ಲ, ನಿಜವಾದ ಹಬೆ ಅಲ್ಲಿರತ್ತೆ, ಕಣ್ಣಿಗೆ ಕಾಣಲ್ಲ.

ಕಾಫಿಹೂವು:
ಅದಕ್ಕೇ ಮುಚ್ಚಳದ ಒಳಗೆ ಬಟ್ಟೆ ಕಟ್ಟೋದು. ಇಲ್ಲಾಂದ್ರೆ ಮುಚ್ಚಳದಿಂದ ನೀರು ಹನಿ ಬಿದ್ದು ತಟ್ಟೆಲಿ ಬೇಯ್ಸೋ ಪಾಪುಟ್ಟು ಮಧ್ಯ ಗುಳಿ ಬೀಳತ್ತೆ, ಅತ್ತೆ ತಟ್ಟೆ ನೋಡೇ ಹೇಳ್ಬಿಡ್ತಿದ್ರು ಬಟ್ಟೆ ಮರ್ತಿದೀಯ ಅಂತ. ನಮ್ ಕೊಡಗಿನ ಅಡುಗೆ ನೋಡಿ, ಕಡಂಬುಟ್ಟು, ನೂಲ್‌ಪುಟ್ಟು (ಒತ್ತು ಶಾವಿಗೆ), ಪಾಪುಟ್ಟು, ಹಲಸು ಹಣ್ಣಾದಾಗ ಎಲೇಲಿ ಕಟ್ಟಿ ಬೇಯ್ಸೋ ಪುಟ್ಟು, ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ನೇರಳೆ ಬಣ್ಣದ ಪುಟ್ಟು, ಎಲ್ಲಾ ಹಬೇಲೇ. ನೂಲ್‌ಪುಟ್ಟಂತೂ ಬೆಂದ ಉಂಡೆನ ಸುಡ್ತಾ ಇರುವಾಗ್ಲೇ ಒತ್ಬೇಕು, ಆರಿದ್ರೆ ಒರಳಿನ ಹಿಡಿ ಮೇಲೆ ಇಬ್ರು ಕೂತ್ರೂ ಇಳಿಯಲ್ಲ.

ಸಿಸ್ಟರಕ್ಕ:
ಆಟೋಕ್ಲೇವೂ ನೋಡಕ್ಕೆ ದೊಡ್ಡ ಕುಕ್ಕರೇ, ಪಾಶ್ಚರ್ ಜೊತೆ ಕೆಲಸ ಮಾಡ್ತಿದ್ದ ಶಾಂಬರ್ಲಾಂಡ್ ಅನ್ನೋರು 1879ರಲ್ಲಿ ಮಾಡಿದ್ದಂತೆ, ನಮಗೆ ಟ್ರೈನಿಂಗಲ್ಲಿ ಬಾಯಿಪಾಠ. 121 ಡಿಗ್ರಿ, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ. ಮೊದಲು ಒಳಗಿನ ಗಾಳಿ ಎಲ್ಲ ಹೊರಗೆ ಹೋಗ್ಬೇಕು. ಗಾಳಿ ಉಳಿದ್ರೆ ಮೀಟರು ಸರಿ ತೋರ್ಸತ್ತೆ, ಬಟ್ಟೆ ಗಂಟಿನ ನಡುವೆ ಬಿಸಿನೇ ಮುಟ್ಟಿರಲ್ಲ. ಹಬೆ ತಗೋಳೋದ್ರ ಬಗ್ಗೆನೂ ಹೇಳ್ಬಿಡ್ತೀನಿ, ಕೊರೋನಾ ಟೈಮಲ್ಲಿ ಮೂರು ಹೊತ್ತು ಬೋಗುಣಿ ಮೇಲೆ ಟವೆಲ್ ಹೊದ್ದು ಕೂತೋರು ಬಹಳ ಜನ. ಕಟ್ಟಿದ ಮೂಗಿಗೆ ಸ್ವಲ್ಪ ಹಿತ ಆಗತ್ತೆ, ವೈರಸ್ ಗಿರಸ್ ಸಾಯಲ್ಲ. ಮಕ್ಕಳನ್ನ ಮಾತ್ರ ಕುದಿನೀರಿನ ಪಾತ್ರೆ ಮುಂದೆ ಕೂರಿಸ್ಬೇಡಿ, ಪಾತ್ರೆ ಮಗುಚಿ ತೊಡೆ ಸುಟ್ಕೊಂಡು ಬಂದೋರನ್ನ ನೋಡಿದೀನಿ.

ಡಿಕಾಕ್ಷನ್:
ಕಾಫಿ ನಾಡಲ್ಲಿ ಇಷ್ಟೊತ್ತಾದ್ರೂ ಕಾಫಿ ಮೆಶೀನ್ ಸುದ್ದಿ ಇಲ್ವಾ? ನಮ್ ಹೋಂಸ್ಟೇಲಿ ಸೆಕೆಂಡ್ ಹ್ಯಾಂಡ್ ಎಸ್ಪ್ರೆಸೊ ಮೆಶೀನ್ ಇದೆ. ಇಟಲಿಯ ಟ್ಯೂರಿನ್ನಲ್ಲಿ ಮೊರಿಯೊಂಡೊ ಅನ್ನೋರು 1884ರಲ್ಲೇ ಹಬೆಲಿ ಕಾಫಿ ಮಾಡೋ ಮೆಶೀನಿಗೆ ಪೇಟೆಂಟ್ ತಗೊಂಡಿದ್ರು, ಬೆಝೆರಾ ಅನ್ನೋರದ್ದು 1901. ಆಗ ಹಬೆನೇ ನೀರನ್ನ ಪುಡಿ ಮೇಲೆ ತಳ್ತಿತ್ತು, ಕಾಫಿ ಸುಟ್ಟ ವಾಸನೆ ಬರ್ತಿತ್ತಂತೆ. ಈಗ ಆ ಕೆಲಸ ಪಂಪಿಂದು, ಹಬೆ ಉಳಿದಿರೋದು ಹಾಲಿನ ನೊರೆಗೆ. ಹಾಲಿಗೆ ಇಡೋ ಮುಂಚೆ ಹಬೆ ಬರೋ ಕಡ್ಡಿನ ಒಂದ್ಸಲ ಖಾಲಿ ಬಿಡ್ಬೇಕು, ಮೊದಲು ಪಿಚಕ್ ಪಿಚಕ್ ಅಂತ ನೀರು ಉಗಿಯತ್ತೆ, ಆಮೇಲೆ ಒಣ ಹಬೆ. ಹೊಸ ಹುಡುಗ ಮರೆತು ಗೆಸ್ಟ್ ಬಿಳಿ ಶರ್ಟಿಗೆ ಹಾರ್ಸಿದಾನೆ. ನಾನು ಕುಡಿಯೋದು ಮಾತ್ರ ಫಿಲ್ಟರ್ ಕಾಫಿನೇ.

ನಿವೃತ್ತ ಫಿಟ್ಟರ್:
ಸೀಟಿಯೂ ಹಾಗೇ. ತಣ್ಣಗಿರೋ ಹಿತ್ತಾಳೆಗೆ ಹಬೆ ತಗುಲಿ ನೀರಾಗತ್ತೆ, ಬೆಳಿಗ್ಗೆ ಮೊದಲ ಕೂಗಿಗೆ ಕೆಳಗೆ ನಿಂತೋರ ತಲೆ ಮೇಲೆ ಬಿಸಿನೀರು. ಉಗಿ ಅಂತ ಹೆಸರಿಟ್ಟೋರು ಸುಮ್ನೆ ಇಟ್ಟಿಲ್ಲ, ನಿಜವಾಗ್ಲೂ ಉಗಿಯತ್ತೆ.

ಸೋಮವಾರಪೇಟೆ ಹುಡ್ಗ:
🤣🤣 ನಮ್ ಸ್ಕೂಲ್ ಹೆಚ್ಚೆಮ್ಮು ಹಾಗಾದ್ರೆ ಸ್ಟೀಮ್ ಎಂಜಿನ್ನೇ. ಅದಿರ್ಲಿ, ಈ ಕಾಲದಲ್ಲಿ ಹಬೆ ಎಲ್ಲ ಮುಗ್ದೋಯ್ತಲ್ವಾ, ರೈಲೂ ಕರೆಂಟಲ್ಲೇ ಓಡತ್ತೆ

ಫಿಸಿಕ್ಸ್ ಮಾಸ್ತರು:
ಆ ಕರೆಂಟ್ ಎಲ್ಲಿಂದ ಬರತ್ತೆ? ರಾಯಚೂರಲ್ಲಿ ಕಲ್ಲಿದ್ದಲು ಸುಟ್ಟು 1,720 ಮೆಗಾವ್ಯಾಟ್, ಕೈಗಾದಲ್ಲಿ ಅಣು ಒಡೆದು 880. ಎರಡು ಕಡೆನೂ ಕೊನೆಗೆ ಮಾಡೋದು ನೀರು ಕಾಯ್ಸೋದು, ಹಬೆಲಿ ಟರ್ಬೈನ್ ತಿರುಗ್ಸೋದು. ಉಗಿಬಂಡಿನೇ ನೋಡ್ಬೇಕಂದ್ರೆ ದೂರ ಹೋಗ್ಬೇಕಿಲ್ಲ, ಮೈಸೂರು ರೈಲು ಮ್ಯೂಸಿಯಮ್ಮಲ್ಲಿ ನಿಂತಿದಾವೆ, ಮೇಟುಪಾಳ್ಯದಿಂದ ಊಟಿ ಬೆಟ್ಟ ಹತ್ತೋ ರೈಲಿಗೆ ಇವತ್ತೂ ಹಬೆ ಎಂಜಿನ್ ಇದೆ.

ಅಟ್ಟದ ಇಲಿ:
ಎಲ್ಲಿಂದೆಲ್ಲಿಗೋ ಹೋಯ್ತು ಮಾತು 😄 ಗುಜರಿಯವನಿಗೆ ಇಲ್ಲ ಅಂದೆ. ಈಗ ಹೇಳಿ ಬಾಯ್ಲರ್ ಇಲ್ದೆ ಇದನ್ನ ಕೂಗ್ಸಕ್ಕೆ ಆಗತ್ತಾ?

ನಿವೃತ್ತ ಫಿಟ್ಟರ್:
ಆಗತ್ತೆ. ಪಂಚರ್ ಅಂಗಡಿಗೆ ತಗೊಂಡೋಗಿ, ಕಂಪ್ರೆಸರ್ ಗಾಳಿ ಸಾಕು. 30 ಪೌಂಡಿಂದ ಶುರು ಮಾಡಿ, ಕಿವಿಗೆ ಹತ್ತಿ ಇಟ್ಕೊಳ್ಳಿ. ಮೊದಲು ಬೆಲ್ ಬಿಚ್ಚಿ ಸೀಳು ಸುತ್ತಲೂ ಒಂದೇ ಸಮ ಇದೆಯಾ ನೋಡಿ. ಮರಳು ಕಾಗದ ಹಾಕಿ ಉಜ್ಜಬೇಡಿ, ಅಂಚು ಹೋದ್ರೆ ಸ್ವರ ಹೋಯ್ತು. ಹುಣಸೆಹಣ್ಣು ಸಾಕು.

ಪಂಚಮ:
ನಾನು ಸಂಗೀತದ ಮೇಷ್ಟ್ರು. ಕೂಗ್ಸಿದ್ರೆ ದಯವಿಟ್ಟು ರೆಕಾರ್ಡ್ ಮಾಡಿ ಹಾಕಿ, ಯಾವ ಶ್ರುತಿ ಅಂತ ನೋಡೋಣ.

ಅಟ್ಟದ ಇಲಿ:
ಮೂರು ದಿನ ಆಯ್ತು ಕ್ಷಮಿಸಿ, ಮಳೆ ಬಂದು ಕರೆಂಟಿರ್ಲಿಲ್ಲ. ಬೆಲ್ ತಿರುಗಿಸಿ ಬಿಚ್ಚೋಕೇ ಒಂದು ಸಂಜೆ ಬೇಕಾಯ್ತು, ತೆಂಗಿನೆಣ್ಣೆ ಬಿಟ್ಟು, ಬಿಸಿನೀರಲ್ಲಿ ಮುಳುಗ್ಸಿ. ಒಳಗೆ ನೋಡಿದ್ರೆ ಕಣಜ ಗೂಡು ಕಟ್ಟಿದೆ! ಬೆಲ್ಲಿನ ತಲೆಗಂಟಿ ಸಾಲಾಗಿ ಐದು ಮಣ್ಣಿನ ಗೂಡು, ಒಂದೊಂದಕ್ಕೂ ಒಂದೊಂದು ತೂತು. ಯಾವ ವರ್ಷದ್ದೋ, ಒಣಗಿ ಬಿಸ್ಕೆಟ್ ಥರ ಆಗಿತ್ತು, ಕಡ್ಡಿಲಿ ಮೀಟಿದ್ರೆ ಉದುರ್ತು. ಬಟ್ಟಲ ಒಳಗಡೆ ಸೀಳಿನ ಹತ್ರ ಬಿಳೀ ಕರೆ, ಕೆಟಲ್ ತಳದಲ್ಲಿ ಕಟ್ಟೋ ಥರದ್ದು. ಸರ್, ಇದು ಹಬೆಯಲ್ಲೇ ದುಡಿದಿದೆ ಅಲ್ವಾ?

ನಿವೃತ್ತ ಫಿಟ್ಟರ್:
ದುಡಿದಿದೆ. ಬಾಯ್ಲರ್ ನೀರು ಸೀಟಿವರೆಗೆ ಉಕ್ಕಿ ಬಂದಿದೆ ಅಂದ್ರೆ ನಡೆಸ್ತಿದ್ದೋನು ನೀರು ಸ್ವಲ್ಪ ಜಾಸ್ತಿ ತುಂಬ್ಕೊಳ್ತಿದ್ದ ಅನ್ಸತ್ತೆ. ಕಮ್ಮಿ ತುಂಬೋನಿಗಿಂತ ವಾಸಿ.

ಅಟ್ಟದ ಇಲಿ:
ಇವತ್ತು ಗೋಣಿಕೊಪ್ಪಕ್ಕೆ ತಗೊಂಡೋದೆ. ಪಂಚರ್ ಅಂಗಡಿಯವ್ರು ಮೊದಲು ನಕ್ಕರು, ಆಮೇಲೆ ಅವ್ರೇ ಕಪ್ಲಿಂಗ್ ಹುಡುಕಿ ಟೇಪು ಸುತ್ತಿ ಕೂರ್ಸಿದ್ರು. 30ಕ್ಕೆ ಬರೀ ಉಸಿರಾಟ. 40ಕ್ಕೆ ಏನೋ ಗೊಣಗ್ತು. ಬೆಲ್ ಅರ್ಧ ಸುತ್ತು ಕೆಳಗೆ ಇಳಿಸಿದ್ವಿ, ಮತ್ತೆ ಎಳೆದೆ, ಬಂತು ನೋಡಿ. ರಸ್ತೆಲಿ ಹೋಗ್ತಿದ್ದ ಜೀಪು ಬ್ರೇಕ್ ಹಾಕ್ತು, ನಾಯಿಗಳೆಲ್ಲ ಒಟ್ಟಿಗೆ ಶುರು, ಎದುರು ಬೇಕರಿಯವ್ರು ಟ್ರೇ ಹಿಡ್ಕೊಂಡೇ ಹೊರಗೆ ಬಂದ್ರು. ರೆಕಾರ್ಡಿಂಗ್ ಹಾಕಿದೀನಿ.

ಮನೇಲಿ ಅಜ್ಜಿಗೆ ಕೇಳ್ಸಿದೆ. ಕಣ್ಣು ಮುಚ್ಚಿ ಕೇಳಿದ್ರು, ತಲೆ ಅಡ್ಡ ಆಡ್ಸಿದ್ರು. "ಇದಲ್ಲ. ಅದು ಇನ್ನೂ ಸಣ್ಣ ಸ್ವರ, ಕಿವಿ ಒಳಗೆ ಹೋಗ್ತಿತ್ತು. ಇದು ಎಮ್ಮೆ ಕೂಗಿದ ಹಾಗಿದೆ." ಹಾಗಾದ್ರೆ ಅಜ್ಜಿ ಕೇಳಿದ ಸೀಟಿ ಬೇರೆನಾ? ಸ್ವಲ್ಪ ಬೇಜಾರಾಯ್ತು.

ಫಿಸಿಕ್ಸ್ ಮಾಸ್ತರು:
ಬೇಜಾರಾಗ್ಬೇಡಿ, ಅಜ್ಜಿ ಕಿವಿ ಸರಿಯಾಗಿದೆ! ನೀವು ಊದಿದ್ದು ಗಾಳಿ, ಅವ್ರು ಕೇಳಿದ್ದು ಹಬೆ. ಹಬೆಯ ಅಣು ಗಾಳಿಯ ಅಣುವಿಗಿಂತ ಹಗುರ, ಜೊತೆಗೆ ಬಿಸಿ, ಅದರೊಳಗೆ ಸದ್ದು ಬೇಗ ಓಡತ್ತೆ. ಗಾಳಿಲಿ ಸೆಕೆಂಡಿಗೆ 346 ಮೀಟರ್, ಹಬೆಲಿ ಸುಮಾರು 475. ಮೇಲೆ ಮುಚ್ಚಿದ ಆರಿಂಚಿನ ಬೆಲ್ಲಿಗೆ ಲೆಕ್ಕ ಹಾಕಿದ್ರೆ ಗಾಳಿಲಿ ಸೆಕೆಂಡಿಗೆ ಸುಮಾರು 570 ಕಂಪನ, ಹಬೆಲಿ 780 ಹತ್ರ. ನಿಜವಾದ್ದು ಇದಕ್ಕಿಂತ ಸ್ವಲ್ಪ ಕೆಳಗಿರತ್ತೆ, ಆದ್ರೆ ಎರಡರ ನಡುವಿನ ಅಂತರ ಹೀಗೇ. ಅದೇ ಸೀಟಿ, ಸ್ವರ ಮಾತ್ರ ಬೇರೆ.

ಪಂಚಮ:
ಅಂದ್ರೆ ಗಾಳಿ ಸ್ವರನ ಷಡ್ಜ (ಸ) ಅಂತ ಇಟ್ಕೊಂಡ್ರೆ ಹಬೆ ಸ್ವರ ಶುದ್ಧ ಮಧ್ಯಮ (ಮ) ದಾಟಿ ಸ್ವಲ್ಪ ಮೇಲೆ. ಅಜ್ಜಿ ಕಿವಿಗೆ ನಮಸ್ಕಾರ. ಒಂದು ಕೆಲಸ ಮಾಡ್ತೀನಿ ಇರಿ, ನಿಮ್ಮ ರೆಕಾರ್ಡಿಂಗನ್ನ ಮೂರನೇ ಒಂದು ಭಾಗದಷ್ಟು ಸ್ಪೀಡ್ ಜಾಸ್ತಿ ಮಾಡಿ ಕಳಿಸ್ತೀನಿ, ಹಬೆ ಸ್ವರಕ್ಕೆ ಹತ್ರ ಬರತ್ತೆ.

ಅಟ್ಟದ ಇಲಿ:
ಮೇಷ್ಟ್ರೇ ನೀವು ಕಳಿಸಿದ್ದನ್ನ ಈಗಷ್ಟೇ ಕೇಳ್ಸಿದೆ. ಅಜ್ಜಿ ಏನೂ ಹೇಳ್ಲಿಲ್ಲ ಮೊದಲು. ಇನ್ನೊಂದ್ಸಲ ಹಾಕು ಅಂದ್ರು. ಮೂರು ಸಲ ಹಾಕಿದೆ. ಆಮೇಲೆ "ಹ್ಞಾ, ಸಾಮಿಲ್ಲಿಂದು, ಊಟಕ್ಕೆ ಬಿಡೋದು. ಇದು ಕೂಗಿದ್ರೆ ನಿನ್ನಜ್ಜ ಹೊಳೆ ದಾಟಿ ಬರೋದ್ರೊಳಗೆ ನಾನು ಎಲೆ ಹಾಕಿರ್ತಿದ್ದೆ" ಅಂದ್ರು. ಎಂಜಿನ್ ಏನಾಯ್ತು, ಸೀಟಿ ಮನೆಗೆ ಹೇಗೆ ಬಂತು ಅಂತೆಲ್ಲ ಕೇಳ್ಬೇಕು ಅಂತಿದ್ದೆ, ಅಷ್ಟೊತ್ತಿಗೆ ಒಳಗೆ ಕುಕ್ಕರ್ ಕೂಗ್ತು, ಎಷ್ಟನೇದು ಅದು ಎಷ್ಟನೇದು ಅಂತ ಎದ್ದೇ ಹೋದ್ರು.